ಜಾವಾದ ಗರುಡ: ಪಟ್ಟ ಕಟ್ಟಿದ ಮೇಲೆ ಬಂದ ಕಷ್ಟ

 ಆಮರ್ಸ್‌ಫೋರ್ಟ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಲೈಡನ್ ಸಿಗುತ್ತೆ. ಅಲ್ಲಿನ ನ್ಯಾಚುರಾಲಿಸ್ ಮ್ಯೂಸಿಯಂನಲ್ಲಿ ಮ್ಯಾಕ್ಸ್ ಬಾರ್ಟೆಲ್ಸ್ ಜಾವಾದಲ್ಲಿ ಸಂಗ್ರಹಿಸಿದ ಹಕ್ಕಿಗಳಿವೆ. ಡಚ್ಚರ ಆಳ್ವಿಕೆಯಲ್ಲಿ ಅವರು ಪಂಗ್ರಾಂಗೊ ಬೆಟ್ಟದ ಇಳಿಜಾರಿನಲ್ಲಿ ತೋಟ ಮಾಡಿಕೊಂಡಿದ್ದರು. 1924ರಲ್ಲಿ ಜರ್ಮನ್ ಪಕ್ಷಿತಜ್ಞ ಎರ್ವಿನ್ ಸ್ಟ್ರೆಸೆಮಾನ್ ಅಲ್ಲಿನ ಕಾಡಿನ ಹದ್ದೊಂದಕ್ಕೆ ಬಾರ್ಟೆಲ್ಸ್ ಹೆಸರನ್ನೇ ಇಟ್ಟರು. ಈಗ ಅದು ನಿಸೇಟಸ್ ಬಾರ್ಟೆಲ್ಸಿ, ಅಂದ್ರೆ ಜಾವನ್ ಹಾಕ್ ಈಗಲ್.

ಉದ್ದ ಸುಮಾರು 60 ಸೆಂ.ಮೀ. ತಲೆಯ ಮೇಲೆ ಕಪ್ಪು ಜುಟ್ಟು, ಜುಟ್ಟಿನ ತುದಿ ಬಿಳಿ. ರೆಕ್ಕೆ ಅಗಲ, ಮೋಟು, ಬಾಲ ಉದ್ದ. ಒತ್ತಾದ ಮರಗಳ ನಡುವೆ ಸರಕ್ಕನೆ ತಿರುಗೋಕೆ ಇದೇ ಅನುಕೂಲ. ಅಳಿಲು, ಇಲಿ, ಬಾವಲಿ, ಸಣ್ಣಪುಟ್ಟ ಹಕ್ಕಿ ಇದರ ಊಟ. ರಸಮಾಲಾದಂಥ ಎತ್ತರದ ಮರದಲ್ಲಿ ಗೂಡು ಕಟ್ಟಿ ಇಡೋದು ಒಂದೇ ಮೊಟ್ಟೆ. ಮರಿ ಹಾರಲು ಕಲಿತ ಮೇಲೂ ಬಹಳ ತಿಂಗಳು ಅಪ್ಪ-ಅಮ್ಮನನ್ನೇ ನೆಚ್ಚಿಕೊಂಡಿರುತ್ತೆ. ಹಾಗಾಗಿ ಜೋಡಿಯೊಂದು ಪ್ರತಿ ವರ್ಷ ಮರಿ ಮಾಡೋದಿಲ್ಲ. ಒಂದು ಮರಿ ಕಳುವಾದರೂ ಆ ನಷ್ಟ ತುಂಬಲು ವರ್ಷಗಳೇ ಬೇಕು.

ಜಾಗದ ಇಕ್ಕಟ್ಟು ಬೇರೆ. ಈ ಹಕ್ಕಿ ಜಾವಾ ಬಿಟ್ಟು ಬೇರೆಲ್ಲೂ ಇಲ್ಲ. ಜಾವಾದ ವಿಸ್ತಾರ ಕರ್ನಾಟಕದ ಮೂರನೇ ಎರಡು ಭಾಗದಷ್ಟು. ಜನ ಮಾತ್ರ 15 ಕೋಟಿ. ಉಳಿದ ಮಳೆಕಾಡು ಹೆಚ್ಚಾಗಿ ಬೆಟ್ಟಗಳ ಮೇಲೆ, ತುಂಡುತುಂಡಾಗಿದೆ.

ಇಂಡೋನೇಷ್ಯಾದ ರಾಷ್ಟ್ರಲಾಂಛನ ಗರುಡ. (ನಮ್ಮೂರ ದೇವಸ್ಥಾನದ ಮೇಲೆ ಸುತ್ತುವ ಬಿಳಿ ಎದೆಯ ಗರುಡ ಬೇರೆಯದು.) ಪುರಾಣದ ಆ ಪಕ್ಷಿಯನ್ನು ಜುಟ್ಟಿನ ಈ ಹದ್ದು ಹೋಲುತ್ತೆ ಅಂತ 1993ರಲ್ಲಿ ಇದನ್ನು ರಾಷ್ಟ್ರೀಯ ಅಪರೂಪದ ಪ್ರಾಣಿಯೆಂದು ಘೋಷಿಸಿದರು. ಉದ್ದೇಶ ರಕ್ಷಣೆಯೇ. ಆದರೆ ಯಾರಿಗೂ ಗೊತ್ತಿರದಿದ್ದ ಹಕ್ಕಿ ಪ್ರಸಿದ್ಧವಾಯ್ತು, ಪಂಜರಕ್ಕೆ ಬೇಡಿಕೆ ಬಂತು. ಘೋಷಣೆಯ ನಂತರ ಕಳ್ಳವ್ಯಾಪಾರ ಹೆಚ್ಚಿತೆಂದು ವಿನ್ಸೆಂಟ್ ನೈಮನ್ ಮತ್ತು ಸಂಗಡಿಗರು 2009ರಲ್ಲಿ ಓರಿಕ್ಸ್ ಪತ್ರಿಕೆಯಲ್ಲಿ ಬರೆದರು. ಪ್ರಚಾರ ಮಾಡಿದರೆ ಹಕ್ಕಿ ಉಳಿಯುತ್ತೆ ಅಂತ ನಂಬಿಕೊಂಡಿರುವ ನಮ್ಮಂಥವರಿಗೆ ಇದು ಇರಿಸುಮುರಿಸಿನ ಓದು. ಹಾಗಂತ ಘೋಷಣೆಯೇ ತಪ್ಪು ಅನ್ನೋಕೆ ನಾವು ತಯಾರಿಲ್ಲ. ಹಕ್ಕಿಸಂತೆಯಲ್ಲಿ ಕಾನೂನು ಜಾರಿ ಮಾಡುವವರಿಲ್ಲದೆ ಬರೀ ಬಿರುದು ಕೊಟ್ಟಿದ್ದು ಸಾಲಲಿಲ್ಲ.

ಇದರ ದಾಯಾದಿಯೊಂದು ಪಶ್ಚಿಮಘಟ್ಟದಲ್ಲೂ ಇದೆ: ನಿಸೇಟಸ್ ಕೆಲಾರ್ಟಿ. ಹಿಮಾಲಯದ ಗಿಡುಗದ್ದೇ ಒಂದು ಬಗೆ ಅಂತ ಎಣಿಸುತ್ತಿದ್ದ ಇದನ್ನು, ಕೂಗು ಮತ್ತು ಅಳತೆಗಳ ಆಧಾರದ ಮೇಲೆ ಬೇರೆಯೇ ಪ್ರಭೇದವೆಂದು 2008ರಲ್ಲಿ ಸಂಶೋಧಕರು ತೋರಿಸಿದರು. ಅದರ ಕೂಗು ಎಷ್ಟು ಬೇರೆ ಅನ್ನೋದನ್ನ ಮುಂದಿನ ಕಂತಿನಲ್ಲಿ ಕೇಳೋಣ.