ಹಳದಿ ಹಕ್ಕಿಯೂ ಜಾಲದ ಗಣಿತವೂ

ಊರಿಗೆಲ್ಲ ಒಂದೇ ಟೆಲಿಫೋನ್ ಇದ್ದರೆ ಅದರಿಂದ ಏನು ಪ್ರಯೋಜನ? ಮಾತನಾಡಬೇಕಾದರೆ ಎರಡನೆಯದೊಂದು ಬೇಕು. ಮೂರನೆಯದು ಬಂದರೆ ಮೊದಲಿನ ಇಬ್ಬರಿಗೂ ಲಾಭವುಂಟು. ಸಾಮಾಜಿಕ ಜಾಲಗಳ ಸ್ವಭಾವವೂ ಇಂತಹುದೇ. ಬಳಸುವವರು ಹೆಚ್ಚಿದಷ್ಟೂ ಅವುಗಳ ಉಪಯೋಗ ಹೆಚ್ಚುವುದು. ಇದಕ್ಕೆ ಜಾಲ ಪರಿಣಾಮವೆಂದು ಹೆಸರು. ನೆಲೆಯೂರಿದ ಜಾಲದೊಡನೆ ಹೊಸತೊಂದು ಸ್ಪರ್ಧಿಸುವುದು ಏಕೆ ಕಷ್ಟವೆಂಬುದನ್ನು ಬೆಂಗಳೂರಿನಲ್ಲಿ ಹುಟ್ಟಿದ ‘ಕೂ’ ಜಾಲದ ನಿದರ್ಶನದಿಂದ ತಿಳಿಯೋಣ.

ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ ಅವರು ಇದನ್ನು 2020ರಲ್ಲಿ ಜನರ ಮುಂದಿಟ್ಟರು. 2006ರಲ್ಲಿ ಆರಂಭವಾಗಿದ್ದ ಟ್ವಿಟರಿನ ಗುರುತು ಆಗ ನೀಲಿ ಹಕ್ಕಿ. 2023ರಲ್ಲಿ ಅದರ ಹೆಸರು ‘ಎಕ್ಸ್’ ಎಂದಾಯಿತು. ಕೂ ಜಾಲದ ಗುರುತು ಹಳದಿ ಹಕ್ಕಿ. ಕನ್ನಡವೇ ಮೊದಲಾದ ದೇಶಭಾಷೆಗಳಲ್ಲಿ ಬರೆಯುವವರಿಗೆ ಅನುಕೂಲ ಕಲ್ಪಿಸುವುದು ಅದರ ಉದ್ದೇಶವಾಗಿತ್ತು. 2021ರಲ್ಲಿ ಭಾರತ ಸರ್ಕಾರಕ್ಕೂ ಟ್ವಿಟರಿಗೂ ವಿವಾದ ತಲೆದೋರಿದಾಗ ಕೇಂದ್ರದ ಕೆಲವು ಮಂತ್ರಿಗಳು ಕೂ ಜಾಲವನ್ನು ಬಳಸತೊಡಗಿದರು. ಉಚ್ಛ್ರಾಯಕಾಲದಲ್ಲಿ ದಿನಕ್ಕೆ ಸುಮಾರು 21 ಲಕ್ಷ ಜನರು ಅದನ್ನು ಬಳಸುತ್ತಿದ್ದರೆಂದು ಸ್ಥಾಪಕರು ಹೇಳಿದ್ದಾರೆ. ಆದರೂ ಅದನ್ನು ಮುಚ್ಚುವುದಾಗಿ 2024ರ ಜುಲೈಯಲ್ಲಿ ಅವರೇ ಪ್ರಕಟಿಸಬೇಕಾಯಿತು.

ಇದರ ಹಿಂದಿರುವ ಗಣಿತವನ್ನು ನೋಡೋಣ. ಯಲಹಂಕದ ಒಂದು ತರಗತಿಯ 50 ವಿದ್ಯಾರ್ಥಿಗಳು ಒಂದೇ ಜಾಲದಲ್ಲಿರುವರೆಂದು ಭಾವಿಸಿ. ಒಬ್ಬೊಬ್ಬರೂ ಉಳಿದ 49 ಮಂದಿಯೊಡನೆ ಮಾತನಾಡಬಹುದು. 50ನ್ನು 49ರಿಂದ ಗುಣಿಸಿದರೆ 2450. ಪ್ರತಿ ಜೋಡಿಯೂ ಎರಡು ಸಲ ಎಣಿಕೆಗೆ ಬಂದಿರುವುದರಿಂದ ಅದರ ಅರ್ಧ, ಅಂದರೆ 1225 ಜೋಡಿಗಳು. ಈಗ 10 ಮಂದಿ ಹೊಸ ಜಾಲಕ್ಕೆ ಹೋದರೆನ್ನೋಣ. ಅಲ್ಲಿ ಆಗುವ ಜೋಡಿಗಳು 45 ಮಾತ್ರ. ಹಳೆಯದರಲ್ಲಿ 780 ಉಳಿಯುವುವು. ಜನರಲ್ಲಿ ಐದನೆಯ ಒಂದು ಪಾಲು ಬಂದರೂ ಮೊದಲಿದ್ದ ಜೋಡಿಗಳಲ್ಲಿ ಇಪ್ಪತ್ತೇಳನೆಯ ಒಂದು ಪಾಲೂ ಬರಲಿಲ್ಲ! ಜಾಲದ ಬೆಲೆಯು ಬಳಕೆದಾರರ ಸಂಖ್ಯೆಯ ವರ್ಗವನ್ನು ಅನುಸರಿಸುವುದೆಂಬ ಈ ಎಣಿಕೆಗೆ ಅಮೆರಿಕದ ಎಂಜಿನಿಯರ್ ರಾಬರ್ಟ್ ಮೆಟ್ಕಾಫ್ ಅವರ ಹೆಸರಿದೆ.

ಆದರೆ ಎಲ್ಲ ಜೋಡಿಗಳಿಗೂ ಸಮಾನ ಬೆಲೆಯಿಲ್ಲ. ಹೊರಟ ಹತ್ತು ಮಂದಿ ಆಪ್ತಮಿತ್ರರಾಗಿದ್ದು ತಮ್ಮತಮ್ಮಲ್ಲಿಯೇ ಹೆಚ್ಚಾಗಿ ಮಾತನಾಡುವವರಾದರೆ ಅವರಿಗೆ ನಷ್ಟ ಅಲ್ಪ. ಭಾಷೆಯೂ ಇಂತಹ ಒಂದು ಬಳಗವೇ ಸರಿ. ಕನ್ನಡದಲ್ಲಿ ಬರೆಯುವವರಿಗೆ ಬೇಕಾದುದು ಕನ್ನಡ ಓದುವವರು. ಕೂ ಜಾಲವು ಹಿಡಿದ ದಾರಿ ಇದು, ತರ್ಕಕ್ಕೆ ಒಪ್ಪುವಂತಹುದು. ಆದರೆ ಅಲ್ಲಿಗೆ ಬಂದ ಗಣ್ಯರು ಹಳೆಯ ಜಾಲವನ್ನು ತೊರೆಯಲಿಲ್ಲ, ಎರಡರಲ್ಲಿಯೂ ಬರೆದರು. ಹೀಗಿರುವಲ್ಲಿ ಓದುಗರು ಮನೆ ಬದಲಾಯಿಸುವ ಅಗತ್ಯವೇನು? ಹಲವು ದೊಡ್ಡ ಸಂಸ್ಥೆಗಳೊಡನೆ ನಡೆಸಿದ ಮಾತುಕತೆ ಫಲಿಸಲಿಲ್ಲವೆಂದೂ ಜಾಲವನ್ನು ನಡೆಸುವ ತಂತ್ರಜ್ಞಾನದ ವೆಚ್ಚ ಅಧಿಕವೆಂದೂ ಸ್ಥಾಪಕರು ಕೊನೆಯಲ್ಲಿ ತಿಳಿಸಿದರು.

ಹಾಗಾದರೆ ಹಳೆಯದೇ ಸದಾ ಗೆಲ್ಲುವುದೆ? ಹಾಗೇನೂ ಇಲ್ಲ. ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ ಬಹು ಪ್ರಸಿದ್ಧವಾಗಿದ್ದ ಆರ್ಕುಟ್ ಜಾಲವು ಫೇಸ್‌ಬುಕ್ಕಿನ ಮುಂದೆ ನಿಲ್ಲಲಾರದೆ 2014ರಲ್ಲಿ ಮುಚ್ಚಿತು. ಬಳಗಕ್ಕೆ ಬಳಗವೇ ಎದ್ದು ಹೋದಾಗ ಅದೇ ಗಣಿತವು ಹಳೆಯದಕ್ಕೆ ಪ್ರತಿಕೂಲವಾಗುವುದು.

ಮತ್ತೊಂದು ಮಾರ್ಗವೂ ಉಂಟು. ಹೆಬ್ಬಾಳದಲ್ಲಿ ಒಂದು ಕಂಪನಿಯ ಮೊಬೈಲ್ ಉಳ್ಳವರು ಯಶವಂತಪುರದಲ್ಲಿ ಬೇರೆ ಕಂಪನಿಯ ಮೊಬೈಲ್ ಉಳ್ಳವರೊಡನೆ ಮಾತನಾಡುತ್ತಾರಲ್ಲವೆ? ಕಂಪನಿಗಳು ಬೇರೆಯಾದರೂ ಅವುಗಳ ಜಾಲಗಳು ಒಂದಕ್ಕೊಂದು ಜೋಡಣೆಗೊಂಡಿವೆ. ಸಾಮಾಜಿಕ ಜಾಲಗಳನ್ನೂ ಹೀಗೆ ಜೋಡಿಸಲು ‘ಆಕ್ಟಿವಿಟಿಪಬ್’ ಎಂಬ ಸಾರ್ವತ್ರಿಕ ನಿಯಮಾವಳಿಯು 2018ರಲ್ಲಿ ಅಂಗೀಕೃತವಾಯಿತು. ಮ್ಯಾಸ್ಟೊಡಾನ್ ಜಾಲವು ಇದನ್ನು ಅನುಸರಿಸುತ್ತದೆ. ಇಂತಹ ಏರ್ಪಾಡು ವ್ಯಾಪಕವಾದರೆ ಕನ್ನಡದ ಹೊಸ ಜಾಲವೊಂದು ಬರಿದಾದ ಮನೆಯಲ್ಲಿ ಬಾಳನ್ನು ಆರಂಭಿಸಬೇಕಾಗಿಲ್ಲ. ಗುಣವೊಂದರಿಂದಲೇ ಅದು ಬಾಳಬಲ್ಲುದು.