ಸಕ್ಕರೆಯ ಹರಳನ್ನು ಕಾಕಂಬಿಯಿಂದ ಬೇರ್ಪಡಿಸುವ ಯಂತ್ರ

ಕಬ್ಬಿನ ಹಾಲನ್ನು ಕಾಯಿಸಿ, ಪಾಕವನ್ನು ಮೆಲ್ಲನೆ ಆರಗೊಟ್ಟರೆ ಸಕ್ಕರೆಯು ಹರಳುಗಟ್ಟುವುದು. ಹರಳುಗಳ ನಡುವೆ ಕಾಕಂಬಿಯು ಅಂಟಿಕೊಂಡಿರುವುದು. ಇವೆರಡನ್ನೂ ಬೇರ್ಪಡಿಸತಕ್ಕ ಸಾಧನವೇ ಸೆಂಟ್ರಿಫ್ಯೂಗಲ್ ಯಂತ್ರವು. 1933ರಲ್ಲಿ ಮಂಡ್ಯದಲ್ಲಿ ಸ್ಥಾಪಿತವಾದಂತಹ ದೊಡ್ಡ ಕಾರ್ಖಾನೆಗೂ, ಸಣ್ಣ ಖಂಡಸಾರಿ ಕಾರ್ಖಾನೆಗೂ ಇದರ ತತ್ತ್ವವು ಒಂದೇ.

ಯಂತ್ರದೊಳಗೆ ರಂಧ್ರಗಳುಳ್ಳ ಲೋಹದ ಬುಟ್ಟಿಯೊಂದು ವೇಗವಾಗಿ ತಿರುಗುವುದು. ಕವಣೆಯನ್ನು ಬೀಸುವಾಗ ಕಲ್ಲು ಹೊರಕ್ಕೆ ಎಳೆಯುವಂತೆ, ಪಾಕವು ಬುಟ್ಟಿಯ ಗೋಡೆಯನ್ನು ಒತ್ತುವುದು. ಕಾಕಂಬಿಯು ರಂಧ್ರಗಳಿಂದ ಹೊರಬೀಳುವುದು. ಹರಳು ಒಳಗೆ ನಿಲ್ಲುವುದು. ಎರಡಡಿ ಅಡ್ಡಳತೆಯ ಬುಟ್ಟಿಯು ನಿಮಿಷಕ್ಕೆ 1000 ಸುತ್ತು ತಿರುಗಿದರೆ, ಈ ಒತ್ತಡವು ವಸ್ತುವಿನ ತೂಕದ ಸುಮಾರು 340 ಪಾಲಾಗುವುದು. ವೇಗವು ಇಮ್ಮಡಿಯಾದರೆ ಒತ್ತಡವು ನಾಲ್ಮಡಿಯಾಗುವುದು. ಆದುದರಿಂದ ನಿಯಮಿಸಿದ ವೇಗವನ್ನು ಮೀರಕೂಡದು. ಪಾಕವನ್ನು ಸುತ್ತಲೂ ಸಮನಾಗಿ ತುಂಬತಕ್ಕದ್ದು. ಒಂದೇ ಕಡೆ ಭಾರವಾದರೆ ಯಂತ್ರವು ಅದುರಿ ಕೆಡುವುದು. ಬುಟ್ಟಿಯು ಪೂರ್ಣವಾಗಿ ನಿಲ್ಲುವ ಮೊದಲು ಒಳಗೆ ಕೈಯಿಡುವುದು ಪ್ರಾಣಾಪಾಯಕರವು. ಹರಳನ್ನು ತೊಳೆಯಲು ನೀರನ್ನು ಮಿತವಾಗಿ ಚಿಮುಕಿಸಬೇಕು; ಹೆಚ್ಚಾದರೆ ಸಕ್ಕರೆಯೇ ಕರಗಿ ಕಾಕಂಬಿಯೊಡನೆ ಹೋಗುವುದು.

ಆದರೆ ಯಂತ್ರವು ಇರುವ ಹರಳನ್ನು ಬೇರ್ಪಡಿಸುವುದೇ ಹೊರತು ಇಲ್ಲದ ಹರಳನ್ನು ಹುಟ್ಟಿಸಲಾರದು. ಕಡಿದ ಕಬ್ಬನ್ನು ದಿನಗಟ್ಟಲೆ ಬಿಸಿಲಿನಲ್ಲಿ ಬಿಟ್ಟರೆ, ಅಥವಾ ಹಿಂಡಿದ ಹಾಲು ಹುಳಿತರೆ, ಅದರಲ್ಲಿನ ಸಕ್ಕರೆಯ ಒಂದು ಭಾಗವು ಹರಳುಗಟ್ಟದ ರೂಪಕ್ಕೆ ಮಾರ್ಪಡುವುದು. ಹಾಗೆ ಕೆಟ್ಟ ಸಕ್ಕರೆಯನ್ನು ಯಾವ ಯಂತ್ರವೂ ಮರಳಿ ಕೊಡದು. ಬಲಿತ ಕಬ್ಬನ್ನು ಕಡಿದ ಒಂದು ದಿನದೊಳಗಾಗಿ ಅರೆದು, ಹಾಲನ್ನು ಹದವರಿತ ಸುಣ್ಣದ ತಿಳಿಯಿಂದ ಶುದ್ಧಿಮಾಡಿ ಕೂಡಲೇ ಕಾಯಿಸತಕ್ಕದ್ದು. ಗ್ರಾಮದ ಮುಖಂಡರೂ ಜಮೀನುದಾರರೂ ಕೂಡಿ ಯಂತ್ರಕ್ಕೆ ಹಣ ಹೂಡುವ ಮೊದಲು, ಯಾರ ಕಬ್ಬನ್ನು ಯಾವ ದಿನ ಕಡಿಯತಕ್ಕದ್ದೆಂಬ ಸರದಿಯನ್ನು ಗೊತ್ತುಮಾಡಿಕೊಳ್ಳುವುದು ಲೇಸು.