ಗಾಳಿಗೆ ಎದುರಾಗಿ ಹೊರಡು

ಹೊಸ ಸೈಕಲ್ ತಂದೆಯಲ್ಲ, ಓಣಿಯವರೆಲ್ಲ ನೋಡಿ ಹೋದ ಮೇಲೆ ನಾಲ್ಕನೇ ದಿನ ನನಗೆ ತೋರಿಸಿದೆ. ಇರಲಿ, ತೋರಿಸಿದೆಯಲ್ಲ, ಅಷ್ಟು ಸಾಕು. ಎತ್ತಿ ನೋಡಿದೆ, ತುಂಬಿದ ಕೊಡದಷ್ಟೇ ಭಾರ. ಚೈನು ಎಣ್ಣೆ ಕುಡಿದು ಮಿಂಚುತ್ತಿತ್ತು. ಒಳ್ಳೆಯ ಸೈಕಲ್, ತಮ್ಮಾ. ಆದರೆ ಅದನ್ನು ಗೋಡೆಗೆ ಒರಗಿಸಿ, ಮೊಬೈಲ್ ತೆಗೆದು ನನ್ನ ಮೂಗಿನ ಮುಂದೆ ಹಿಡಿದದ್ದು ಏನನ್ನು? ಫ್ರಾನ್ಸ್ ದೇಶದ ರಸ್ತೆಯನ್ನು. ಎರಡು ಬದಿ ಸಾಲುಮರ, ಏರಿ ಇಳಿಯುವ ಹೊಲ, ದ್ರಾಕ್ಷಿ ತೋಟ, ಕಣ್ಣು ಹಾಯುವವರೆಗೆ ಒಂದು ಲಾರಿ ಇಲ್ಲ. "ಅಜ್ಜಾ, ಸೈಕಲ್ ಹೊಡೆದರ ಇಂಥಲ್ಲಿ ಹೊಡೀಬೇಕು. ನಮ್ಮ ಕುರ್ಡಿಯಾಗ ಏನೈತಿ?" ಅಂದೆ.

ಆ ಮಾತು ರಾತ್ರಿ ಮಲಗಿದ ಮೇಲೂ ಕಿವಿಯಲ್ಲೇ ಇತ್ತು. ಎದುರಿಗೆ ಹೇಳಿದರೆ ನೀನು ಅರ್ಧ ಕೇಳಿ ಎದ್ದು ಹೋಗುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ಆ ದೇಶವನ್ನು ನಾನು ಕಡೆಗಣಿಸುವುದಿಲ್ಲ. ನೀನು ತೋರಿಸಿದ ಶಾಂತಿ ಅಲ್ಲಿ ತಾನಾಗಿ ಬಂದದ್ದಲ್ಲ. ದೊಡ್ಡ ಗಾಡಿಗಳಿಗೆ ಹೆದ್ದಾರಿ ಬೇರೆ ಇದೆ. ಊರಿಂದ ಊರಿಗೆ ಹೋಗುವ ಸಣ್ಣ ರಸ್ತೆಗಳು ಊರಿನವರಿಗೇ ಉಳಿದಿವೆ. ಮಿಷೆಲಿನ್ ಎಂಬ ಟೈರ್ ಕಂಪನಿ 1910ರಿಂದ ಆ ದೇಶದ ರಸ್ತೆ ನಕ್ಷೆ ಅಚ್ಚು ಹಾಕುತ್ತಾ ಬಂದಿದೆ. ಅದರಲ್ಲಿ ನೋಡಲು ಚೆಂದವಿರುವ ದಾರಿಯ ಮಗ್ಗುಲಿಗೆ ಹಸಿರು ಗೆರೆ ಇರುತ್ತದೆ. ಊರಾಚೆ ಸೈಕಲ್ ಸವಾರನನ್ನು ದಾಟುವ ಕಾರು ಒಂದೂವರೆ ಮೀಟರ್ ದೂರ ಬಿಡಬೇಕು, ಊರೊಳಗೆ ಒಂದು ಮೀಟರ್ ಬಿಡಬೇಕು, ಹಾಗಂತ ಅಲ್ಲಿ ಕಾನೂನೇ ಇದೆ. ಸೈಕಲ್ಲಿನವನಿಗೂ ಮನೆಯಲ್ಲಿ ಕಾಯುವವರಿದ್ದಾರೆ ಎಂದು ಒಪ್ಪಿಕೊಂಡ ನಾಡು ಅದು. ಅದನ್ನು ನೋಡಿ ಆಸೆಪಟ್ಟರೆ ತಪ್ಪಿಲ್ಲ.

ಆದರೆ ಹಿತ್ತಲ ಗಿಡ ಮದ್ದಲ್ಲ ಅನ್ನುವ ಬುದ್ಧಿ ನಿನಗೆ ಇಷ್ಟು ಬೇಗ ಬರಬಾರದಿತ್ತು. ರಾಯಚೂರು–ಮಾನ್ವಿ ದೊಡ್ಡ ರಸ್ತೆ ಬಿಟ್ಟು ಒಳಗೆ ತಿರುಗಿ ನೋಡಿದ್ದೀಯಾ? ಬಸ್ಸಿನ ಕಿಟಕಿಯಿಂದ ನೋಡಿದ್ದು ಲೆಕ್ಕಕ್ಕಿಲ್ಲ. ಕೃಷ್ಣೆ ಆ ಕಡೆ, ತುಂಗಭದ್ರೆ ಈ ಕಡೆ, ನಡುವೆ ನಾವು. ನಮ್ಮದು ಬಯಲು ಸೀಮೆ ಎಂದು ಪುಸ್ತಕದಲ್ಲಿ ಓದಿದವನು ಬಂದು ಪೆಡಲ್ ತುಳಿದು ನೋಡಲಿ. ದಾರಿ ಪ್ರತಿಯೊಂದು ಹಳ್ಳಕ್ಕೂ ಇಳಿಯುತ್ತದೆ, ಪ್ರತಿ ಸಲವೂ ಏರುತ್ತದೆ. ಕಣ್ಣಿಗೆ ಕಾಣದ ಏರು ಮೊಣಕಾಲಿಗೆ ಕಾಣುತ್ತದೆ. ಈಗ ಸಂಕ್ರಾಂತಿಯ ಹೊತ್ತು: ಎರೆ ಹೊಲದಲ್ಲಿ ಬಿಳಿಜೋಳ ತೆನೆ ಹೊತ್ತು ನಿಂತಿದೆ, ಮಗ್ಗುಲಲ್ಲಿ ತೊಗರಿ ಕೊಯ್ದ ಕೂಳೆ, ಅದರಾಚೆ ಹತ್ತಿ ಬಿಡಿಸುವ ಹೆಂಗಸರು, ಅವರ ಹಿಂದೆ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಲ್ಲಿನ ಗುಡ್ಡ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮುಟ್ಟುವ ಕಡೆ ಒಮ್ಮೆಗೇ ಹಸಿರು ನೆಲ, ಬೆಳ್ಳಕ್ಕಿ, ವಲಸೆ ಬಂದ ರೈತರ ಕ್ಯಾಂಪುಗಳು. ನಮ್ಮ ರೈತರು ಆ ಕಾಲುವೆಯನ್ನು ಮೈಲಿನ ಲೆಕ್ಕದಲ್ಲೇ ಮಾತಾಡುತ್ತಾರೆ. 69ನೇ ಮೈಲಿನಲ್ಲಿ ನೀರು ಎಷ್ಟಿದೆ, 104ನೇ ಮೈಲಿಗೆ ಎಷ್ಟು ಮುಟ್ಟಿತು ಎಂಬುದರ ಮೇಲೆ ಒಂದು ಮನೆಯ ವರ್ಷ ನಿಂತಿರುತ್ತದೆ. ನೀನು ಕಿಲೋಮೀಟರ್ ಎಣಿಸುವವನು, ಆ ಮೈಲುಗಳನ್ನೂ ಒಂದಿಷ್ಟು ತಿಳಿದುಕೋ.

ಇನ್ನು ಗಾಳಿಯ ಮಾತು. ಉಳಿದದ್ದು ಮರೆತರೂ ಇದನ್ನು ಮರೆಯಬೇಡ.

ನಿನ್ನ ವಯಸ್ಸಿನಲ್ಲಿ ನಾನು ಮುಂಗಾರಿನ ದಿನ ಒಂದು ಬಾಡಿಗೆ ಸೈಕಲ್ ತೆಗೆದುಕೊಂಡು ರಾಯಚೂರಿಗೆ ಹೊರಟೆ. ಕೋಟೆಯ ಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ 1294ರ ಶಾಸನವಿದೆ ಎಂದು ಮೇಷ್ಟ್ರು ಪಾಠದಲ್ಲಿ ಹೇಳಿದ್ದರು. ಆ ಕಲ್ಲನ್ನು ಬಂಡಿಯಲ್ಲಿ ಎಳೆದು ತಂದ ಚಿತ್ರವೂ ಅಲ್ಲೇ ಕೆತ್ತಿದೆ ಎಂದಿದ್ದರು. ನೋಡದೆ ನಿದ್ದೆ ಬರುವಂತಿರಲಿಲ್ಲ. ಹೋಗುವಾಗ ಸೈಕಲ್ ತಾನೇ ಓಡಿತು. ನನ್ನ ಕಾಲಿನಲ್ಲಿ ಇಷ್ಟು ಬಲವಿದೆಯೇ ಎಂದು ಹಿಗ್ಗಿದೆ, ದಾರಿಯಲ್ಲಿ ಸಿಕ್ಕ ಇಬ್ಬರನ್ನು ಹಿಂದೆ ಹಾಕಿದೆ. ಕೋಟೆ ನೋಡಿದೆ, ಕಲ್ಲು ನೋಡಿದೆ, ಮಧ್ಯಾಹ್ನ ಹೊರಳಿದೆ. ಆಗ ತಿಳಿಯಿತು, ಮುಂಜಾನೆ ಸೈಕಲ್ ಓಡಿಸಿದ್ದು ನನ್ನ ಕಾಲಲ್ಲ, ಪಡುವಣ ಗಾಳಿ. ಜೂನಿನಿಂದ ಆಗಸ್ಟ್‌ವರೆಗೆ ಆ ಗಾಳಿ ನಮ್ಮ ಬಯಲಿನಲ್ಲಿ ತಡೆಯಿಲ್ಲದೆ ಬೀಸುತ್ತದೆ. ಕುರ್ಡಿಯಿಂದ ರಾಯಚೂರಿಗೆ ಹೋಗುವವನ ಬೆನ್ನು ತಳ್ಳುತ್ತದೆ, ಮರಳುವವನ ಎದೆಗೆ ಕೈ ಇಟ್ಟು ನಿಲ್ಲಿಸುತ್ತದೆ. ಇಳಿಜಾರಿನಲ್ಲೂ ತುಳಿಯಬೇಕಾಯಿತು. ಹೊತ್ತು ಇಳಿಯುವಾಗ ಕಣ್ಣಿಗೆ ಕತ್ತಲೆ ಬಂದು ಒಂದು ಗುಡಿಸಲಿನ ಮುಂದೆ ಕೂತುಬಿಟ್ಟೆ. ಅಲ್ಲಿದ್ದ ಅವ್ವ ಯಾರು, ಎತ್ತ ಎಂದು ಕೇಳಲಿಲ್ಲ. ಮೊದಲು ಮಜ್ಜಿಗೆ ಕೊಟ್ಟಳು, ಆಮೇಲೆ ಒಂದು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ತಿಂದಾದ ಮೇಲೆ ಹೆಸರು ಕೇಳಿದಳು. ಆ ರೊಟ್ಟಿಯ ರುಚಿ ಇವತ್ತಿಗೂ ನಾಲಿಗೆಯ ಮೇಲಿದೆ.

ಅಂದಿನಿಂದ ನಾನು ಹಿಡಿದ ಪದ್ಧತಿ ಒಂದೇ: ಹೊರಡುವಾಗ ಗಾಳಿಗೆ ಎದುರಾಗಿ ಹೊರಡು, ಮರಳುವಾಗ ಅದು ನಿನ್ನನ್ನು ಮನೆಗೆ ಮುಟ್ಟಿಸುತ್ತದೆ. ಮುಂಗಾರಿನಲ್ಲಿ ಮಾನ್ವಿಯ ದಿಕ್ಕು ಹಿಡಿ. ಚಳಿಗಾಲದಲ್ಲಿ ಗಾಳಿ ಮೂಡಣದಿಂದ ಸಣ್ಣಗೆ ಬರುತ್ತದೆ, ಆಗ ರಾಯಚೂರಿನ ಕಡೆ ಹೋಗು. ಅಂಗಳದಲ್ಲಿ ಒಂದು ಹಿಡಿ ಹೊಟ್ಟು ತೂರಿ ನೋಡಿದರೆ ದಿಕ್ಕು ಗೊತ್ತಾಗುತ್ತದೆ, ಅದಕ್ಕೆ ಮೊಬೈಲ್ ಬೇಡ.

ಬಿಸಿಲಿನ ಬಗ್ಗೆ ರಾಯಚೂರು ಜಿಲ್ಲೆಯ ಹುಡುಗನಿಗೆ ಏನು ಹೇಳಲಿ! ಬೇಸಿಗೆಯಲ್ಲಿ ಒಂಬತ್ತರೊಳಗೆ ಮನೆಯಲ್ಲಿರು, ಅಷ್ಟೇ. ಹಾಗೆಂದು ನಸುಕಿನ ಕತ್ತಲೆಯಲ್ಲೂ ಹೊರಡಬೇಡ. ಹತ್ತಿ ತುಂಬಿದ ಟ್ರಾಕ್ಟರ್ ಹಿಂದೆ ದೀಪವಿಲ್ಲದೆ ರಸ್ತೆ ಅಂಚಿಗೆ ನಿಂತಿರುತ್ತದೆ. ಬೆಳಕು ಹರಿಯಲಿ.

ಹೊಟ್ಟೆಯ ವಿಷಯಕ್ಕೆ ಬರೋಣ. ನಿನ್ನ ಫ್ರಾನ್ಸಿನಲ್ಲಿ ಸೇಂಟ್ ಎಟಿಯೆನ್ ಎಂಬ ಊರಿನಲ್ಲಿ ಪಾಲ್ ದ ವಿವಿ ಎಂಬ ಹಿರಿಯನಿದ್ದ. 1853ರಲ್ಲಿ ಹುಟ್ಟಿದವನು, 1930ರಲ್ಲಿ ತೀರಿಕೊಂಡ. ವೆಲೊಸಿಯೋ ಎಂಬ ಹೆಸರಿನಲ್ಲಿ ಸೈಕಲ್ಲಿನ ಬಗ್ಗೆಯೇ ಒಂದು ಪತ್ರಿಕೆ ನಡೆಸಿದ. ನೀನು ಬೆರಳಲ್ಲಿ ಟಿಕ್ ಅನ್ನಿಸುತ್ತೀಯಲ್ಲ, ಆ ಗೇರು ಬೇಕು ಎಂದು ಹಟ ಹಿಡಿದು ವಾದಿಸಿದವರಲ್ಲಿ ಅವನು ಮುಂಚೂಣಿಯವನು. ಆತ ಸವಾರರಿಗೆ ಏಳು ಕಟ್ಟಳೆ ಹಾಕಿಕೊಟ್ಟ. ಹಸಿಯುವ ಮೊದಲೇ ತಿನ್ನು, ಬಾಯಾರುವ ಮೊದಲೇ ಕುಡಿ ಎಂಬುದು ಅದರಲ್ಲೊಂದು. ಆ ಗುಡಿಸಲಿನ ಮುಂದೆ ನನಗೆ ತಿಳಿದದ್ದೂ ಅದೇ. ನೀನು ಮಾಡುವುದೇನು? ಮನೆಯಿಂದ ಬರಿಹೊಟ್ಟೆಯಲ್ಲಿ ಹಾರಿಹೋಗಿ, ದಾರಿಯ ಹೋಟೆಲಿನಲ್ಲಿ ಮಂಡಾಳ ಒಗ್ಗರಣೆ, ಅದರ ಮೇಲೆ ನಾಲ್ಕು ಮಿರ್ಚಿ! ಬಂದು ಹೊಟ್ಟೆ ಹಿಡಿದುಕೊಂಡದ್ದನ್ನು ನಿಮ್ಮವ್ವ ಹೇಳಿದ್ದಾಳೆ. ಮಿರ್ಚಿ ಬೇಡ ಅನ್ನುವಷ್ಟು ಕಟುಕ ನಾನಲ್ಲ. ಮನೆಗೆ ಬಂದ ಮೇಲೆ ತಿನ್ನು. ಚೀಲದಲ್ಲಿ ಶೇಂಗಾ, ಬೆಲ್ಲ ಇರಲಿ. ನೀರಿಗೆ ನಿಂಬೆ, ಉಪ್ಪು ಹಾಕಿಕೋ.

ಆ ವೆಲೊಸಿಯೋನ ಕೊನೆಯ ಕಟ್ಟಳೆ, ಒಣಜಂಬಕ್ಕೆ ಪೆಡಲ್ ತುಳಿಯಬೇಡ ಎಂಬುದು. ಇದನ್ನು ಕಲಿಯಲು ನಮಗೆ ಮಾನ್ವಿಯೇ ಸಾಕಿತ್ತು. ಬ್ಯಾಗವಾಟದಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ದೊಡ್ಡ ಪಂಡಿತರು. ವಿಜಯದಾಸರು ಮಾನ್ವಿಗೆ ಬಂದು ಕರೆದಾಗ, ಕನ್ನಡದಲ್ಲಿ ಹಾಡುವ ದಾಸರ ಬಳಿಗೆ ಹೋಗುವುದೇನು ಎಂದು ಹೊಟ್ಟೆನೋವಿನ ನೆಪ ಹೇಳಿದರಂತೆ. ಆಮೇಲೆ ನಿಜವಾದ ಹೊಟ್ಟೆನೋವೇ ಬಂತು. ವಿಜಯದಾಸರ ಶಿಷ್ಯರಾದ ಗೋಪಾಲದಾಸರ ಬಳಿ ಹೋಗಿ ಬಾಗಿದ ಮೇಲೆ ವಾಸಿಯಾಯಿತು ಎಂದು ನಮ್ಮ ಕಡೆ ಹೇಳುತ್ತಾರೆ. ಆ ಪಂಡಿತರೇ ಜಗನ್ನಾಥದಾಸರಾಗಿ ಹರಿಕಥಾಮೃತಸಾರ ಬರೆದರು, ಅದೂ ಕನ್ನಡದಲ್ಲೇ. ವಿಜಯದಾಸರ ಚೀಕಲಪರ್ವಿ ಮಾನ್ವಿಯ ಆಚೆ ತುಂಗಭದ್ರೆಯ ದಂಡೆಯ ಮೇಲಿದೆ. ಒಮ್ಮೆ ಅಲ್ಲಿಗೆ ಹೋಗು. ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತುಕೊಂಡರೆ ಗಂಟೆಗೆ ಎಷ್ಟು ವೇಗ ಬಂತು ಎಂಬ ಲೆಕ್ಕ ತಾನೇ ಮರೆತುಹೋಗುತ್ತದೆ. ಕಾಲು ಗಟ್ಟಿಯಾದ ಮೇಲೆ ಕಲ್ಮಲಾದಿಂದ ದೇವದುರ್ಗದ ದಾರಿ ಹಿಡಿದು ಗಬ್ಬೂರಿನ ಹಳೆಯ ಗುಡಿಗಳನ್ನೂ ನೋಡಿ ಬಾ. ಆ ರಸ್ತೆಯಲ್ಲಿ ಗಾಡಿಗಳಿವೆ, ಎಡಕ್ಕೇ ಇರು.

ಈಗ ಸ್ವಲ್ಪ ಬಿರುಸಾಗಿ ಹೇಳುತ್ತೇನೆ, ಸಿಟ್ಟಾಗಬೇಡ. ಮೊನ್ನೆ ರಸ್ತೆಯ ಮೇಲೆ ಒಣಹಾಕಿದ್ದ ತೊಗರಿಯ ಮೇಲೆ ಸೈಕಲ್ ಹಾಯಿಸಿದೆಯಂತೆ. ಕೇಳಿದರೆ, "ರಸ್ತೆ ಏನು ಅವರ ಕಣವೇ?" ಅಂದೆಯಂತೆ. ಡಾಂಬರಿನ ಮೇಲೆ ರಾಶಿ ಹರಡುವುದು ಸರಿಯೋ ತಪ್ಪೋ ಆ ಮಾತು ಬೇರೆ. ಅಲ್ಲಿ ಹರಡಿದ್ದು ಒಬ್ಬರ ಆರು ತಿಂಗಳ ಬೆವರು. ಗಾಲಿಗೆ ಸಿಕ್ಕ ಕಾಳು ಒಡೆಯುತ್ತದೆ, ಒಡೆದ ಕಾಳಿಗೆ ಬೆಲೆ ಇಲ್ಲ. ಇಳಿದು ಅಂಚಿನಲ್ಲಿ ನಡೆ. ಕುರಿ ಹಿಂಡು ಬಂದರೆ ನಿಂತುಬಿಡು, ಗಂಟೆ ಬಾರಿಸಿ ಹೆದರಿಸಬೇಡ. ಮರಿಗಳು ದಿಕ್ಕೆಟ್ಟು ಓಡಿದರೆ ಅವನ್ನು ಕೂಡಿಹಾಕಲು ಆ ಮನುಷ್ಯನಿಗೆ ಸಂಜೆಯಾಗುತ್ತದೆ. ಬುತ್ತಿ ಹೊತ್ತು ಹೊಲಕ್ಕೆ ಹೋಗುವ ಹೆಂಗಸರ ಬೆನ್ನ ಹಿಂದೆ ಸದ್ದಿಲ್ಲದೆ ಬಂದು ರೊಯ್ಯನೆ ದಾಟಬೇಡ, ದೂರದಿಂದಲೇ "ಬಂದೆ, ಯವ್ವಾ" ಅನ್ನು. ಯಾರಾದರೂ ಹೆಸರು ಹಿಡಿದು ಕೂಗಿದರೆ ಕೇಳಿಸುವಷ್ಟು ಮೆಲ್ಲಗೆ ಹೋಗು, ಆ ಕಿವಿಯೊಳಗಿನ ಹಾಡನ್ನೂ ತೆಗೆದಿಡು. ನೀನು ಇಲ್ಲಿ ವಾರಕ್ಕೊಮ್ಮೆ ಹಾಯುವವನು, ಅವರು ದಿನಾ ನಡೆಯುವವರು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ ಮೇಲೆ ಇದೇ ದಾರಿಗಳಲ್ಲಿ ಹೆಣ್ಣುಮಕ್ಕಳು ಸಾಲುಗಟ್ಟಿ ಹೈಸ್ಕೂಲಿಗೆ ಹೋದದ್ದನ್ನು ಕಟ್ಟೆಯ ಮೇಲೆ ಕೂತು ನೋಡಿದ್ದೇನೆ. ಒಬ್ಬಳಿಗೆ ಚೈನು ಬಿದ್ದರೆ ಎಲ್ಲರೂ ಇಳಿಯುತ್ತಿದ್ದರು. ನೀನು ಗೆಳೆಯನ ಚೈನು ಬಿದ್ದಾಗ ಮುಂದೆ ಹೋಗಿ ಹೊತ್ತು ಅಳೆದುಕೊಂಡೆಯಂತೆ. ಎಲ್ಲ ಸುದ್ದಿಯೂ ನನಗೆ ಬರುತ್ತದೆ.

ನೆಗ್ಗಿಲು ಮುಳ್ಳು ನಮ್ಮ ದಾರಿಯ ಅಂಚಿನ ಕಾವಲುಗಾರ. ರಸ್ತೆ ಬಿಟ್ಟು ಒಂದು ಮಾರು ಇಳಿದರೂ ನಿನ್ನ ತೆಳು ಟೈರು ಉಳಿಯುವುದಿಲ್ಲ. ಪಂಕ್ಚರ್ ಹಾಕುವುದು ಕಲಿ. ಮುಳ್ಳು ಕಿತ್ತ ಮೇಲೆ ಟೈರಿನ ಒಳಗೆ ಬೆರಳಾಡಿಸಿ ನೋಡು, ಮುರಿದ ಮೊನೆ ಅಲ್ಲೇ ಉಳಿದಿರುತ್ತದೆ. ಮಳೆಯಲ್ಲಿ ಡಾಂಬರು ಬಿಟ್ಟು ಎರೆ ದಾರಿಗೆ ಇಳಿಯಲೇಬೇಡ. ಹತ್ತು ಹೆಜ್ಜೆಗೆ ಕೆಸರು ಗಾಲಿಗೆ ಮೆತ್ತಿ ಗಾಲಿಯೇ ತಿರುಗುವುದಿಲ್ಲ, ಆಮೇಲೆ ಸೈಕಲ್ಲೇ ನಿನ್ನ ಹೆಗಲೇರುತ್ತದೆ.

ಫ್ರಾನ್ಸಿಗೆ ಹೋಗಬೇಡ ಎನ್ನುವುದಿಲ್ಲ. ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ ಸವಾರಿ 1891ರಲ್ಲಿ ಶುರುವಾದದ್ದು. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. 1200 ಕಿಲೋಮೀಟರನ್ನು 90 ಗಂಟೆಯೊಳಗೆ ಮುಗಿಸಬೇಕು. ನಮ್ಮ ದೇಶದವರೂ ಹೋಗಿಬರುತ್ತಾರೆ. ಅದಕ್ಕೆ ಮೊದಲು ಆ ವರ್ಷವೇ 200, 300, 400, 600 ಕಿಲೋಮೀಟರಿನ ಸವಾರಿಗಳನ್ನು ಗಡುವಿನೊಳಗೆ ಮುಗಿಸಿ ತೋರಿಸಬೇಕು. ಆ ಇನ್ನೂರು ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಕೊಡುತ್ತಾರೆ. ಓಡಿ ದಣಿಯುವವನಿಗಲ್ಲ, ಬಿಡದೆ ತುಳಿಯುವವನಿಗೆ ಮಾಡಿದ ಲೆಕ್ಕ ಅದು. ನಿನಗೆ ಬಲವಿದೆ, ಬಿಡದೆ ತುಳಿಯುವುದು ಇನ್ನೂ ಬಂದಿಲ್ಲ. ಅದು ಮಾನ್ವಿಗೆ ಹೋಗಿ ಬರುವ ದಾರಿಯಲ್ಲಿ, ಎದುರುಗಾಳಿಯಲ್ಲಿ ಬರುತ್ತದೆ. ಹೋಗುವ ದಿನ ಬಂದರೆ ಟಿಕೆಟ್ಟಿಗೆ ನನ್ನ ಪಾಲೂ ಇರಲಿ.

ಮತ್ತೊಂದು. ನಿನ್ನ ಸೈಕಲ್ಲಿಗೆ ಗೇರು ಬಂದಿದೆ, ಗಂಟೆ ಬಂದಿಲ್ಲ. ನಿನ್ನೆ ಅಟ್ಟಕ್ಕೆ ಯಾರನ್ನೋ ಹತ್ತಿಸಿ ನನ್ನ ಹಳೆಯ ಸೈಕಲ್ ಕೆಳಗಿಳಿಸಿದೆ. ಅದರ ಗಂಟೆಯ ಒಳಗಿನ ಸ್ಪ್ರಿಂಗಿಗೆ ತುಕ್ಕು ಹಿಡಿದಿತ್ತು. ಎರಡು ಹನಿ ಎಣ್ಣೆ ಬಿಟ್ಟು ರಾತ್ರಿಯೆಲ್ಲ ಇಟ್ಟೆ, ಬೆಳಿಗ್ಗೆ ಟ್ರಿಣ್ ಅಂದಿತು. ಸಂಜೆ ಬಾ, ಬರುವಾಗ ಹತ್ತರ ಸ್ಪ್ಯಾನರ್ ತಾ.